ಬಚ್ಚಲ ಬಿಸಿನೀರು, ಪೂಜೆಯ ನಿಯಮ, ರಕ್ತದೊತ್ತಡ

ಲಿಂಗವಂತರ ಮನೆಗಳಲ್ಲಿ ಬೆಳಗು ಆರಂಭವಾಗುವುದು ಬಚ್ಚಲುಮನೆಯಿಂದ. ಮೊದಲು ಸ್ನಾನ, ಅನಂತರ ವಿಭೂತಿಧಾರಣ, ಇಷ್ಟಲಿಂಗಪೂಜೆ, ಆಮೇಲೆ ಪ್ರಸಾದ, ಅದಾದ ಬಳಿಕ ಕಾಯಕ. ತಲೆಮಾರುಗಳಿಂದ ನಡೆದುಬಂದ ಈ ಕ್ರಮ ನಮ್ಮ ಬಾಳಿಗೊಂದು ಶಿಸ್ತನ್ನು ತಂದುಕೊಟ್ಟಿದೆ. ಆದರೆ ಇತ್ತೀಚಿನ ವರ್ಷಗಳಲ್ಲಿ ಹಳ್ಳಿಯ ಮನೆಗಳಲ್ಲಿಯೂ ದೇವರಮಾಡದ ಮಗ್ಗುಲಲ್ಲಿಯೇ ರಕ್ತದೊತ್ತಡದ ಗುಳಿಗೆಗಳು ಸ್ಥಾನ ಪಡೆದಿವೆ. ಗುಳಿಗೆ ನುಂಗುವ ಶರೀರಕ್ಕೂ ಹಂಡೆಯ ಕಾದ ನೀರಿಗೂ ಇರುವ ಸಂಬಂಧವನ್ನು ಸದ್ಭಕ್ತರು ಅರಿತಿರುವುದು ಅಗತ್ಯವೆಂದು ನಮಗೆ ತೋರಿದೆ. ಆದಕಾರಣ ಶಾಸ್ತ್ರವಿಚಾರವನ್ನು ತುಸು ಹಿಂದಕ್ಕಿರಿಸಿ ಬಚ್ಚಲಿನ ವಿಚಾರವನ್ನೇ ಇಲ್ಲಿ ಮೊದಲಿಗೆ ಎತ್ತಿಕೊಂಡಿದ್ದೇವೆ. ಶಾಸ್ತ್ರವು ಅದರ ಬೆನ್ನಿಗೆ ತಾನಾಗಿಯೇ ಬರುವುದು.

ರೋಣದ ಸೀಮೆಯ ನಮ್ಮ ಸವಡಿ ಎರೆಭೂಮಿಯ ಊರು. ಹಿಂಗಾರಿಯ ಬಿಳಿಜೋಳ, ಕಡಲೆ, ಕುಸುಬೆಗಳು ಹೊಲ ತುಂಬಿ ನಿಲ್ಲುವ ಕಾಲಕ್ಕೆ ಬೆಳಗಿನ ಜಾವದ ಥಂಡಿ ಎಲುಬಿಗೆ ತಾಗುತ್ತದೆ. ಆಗ ಹಂಡೆಯ ಕೆಳಗೆ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಕುಳ್ಳು ಉರಿಯುತ್ತವೆ. ಇಂದು ಅನೇಕ ಮನೆಗಳಿಗೆ ಗೀಸರು ಬಂದಿದೆ, ಮಾಳಿಗೆಯ ಮೇಲೆ ಸೋಲಾರು ಕುಳಿತಿದೆ. ಆದರೂ ಹಂಡೆಯ ಗೌರವ ಕುಂದಿಲ್ಲ. ದೀಪಾವಳಿಯ ನೀರು ತುಂಬುವ ಹಬ್ಬದಂದು ಅದನ್ನು ಬೆಳಗಿ, ಸುಣ್ಣ ಕೆಮ್ಮಣ್ಣುಗಳಿಂದ ಅಲಂಕರಿಸಿ, ಹಿಂಡಲಕಾಯಿಯ ಬಳ್ಳಿ ಸುತ್ತಿ ಪೂಜಿಸುತ್ತೇವೆ. ಮರುದಿನ ನಸುಕಿನಲ್ಲಿ ಮೈಗೆ ಎಣ್ಣೆ ತಿಕ್ಕಿ ಎರೆದುಕೊಳ್ಳುತ್ತೇವೆ. “ಮೈ ಕೆಂಪಗಾಗೂ ಹಂಗ ಸುಡು ನೀರು ಹಾಕ್ಕೊಂಡ್ರನ ಅದು ಜಳಕ” ಎಂಬುದು ನಮ್ಮ ಕಡೆಯ ಹಿರಿಯರ ಮಾತು. ದಿನವಿಡೀ ಹೊಲದಲ್ಲಿ ದುಡಿದ ಕೈಕಾಲಿನ ನೋವು ಬಿಸಿನೀರಿಗೆ ಸಡಿಲುವುದು ಅನುಭವಸಿದ್ಧವಾದುದರಿಂದ ಆ ಮಾತನ್ನು ಅಲ್ಲಗಳೆಯುವಂತಿಲ್ಲ.

ರಕ್ತದೊತ್ತಡದ ವಿಷಯಕ್ಕೆ ಬಂದಾಗ ಮಾತ್ರ ಊರಿನಲ್ಲಿ ಎರಡು ಅಭಿಪ್ರಾಯಗಳನ್ನು ಕೇಳುತ್ತೇವೆ. “ಬಿಸಿನೀರಿನಿಂದ ರಕ್ತ ಕುದಿದು ಬಿ.ಪಿ. ಏರುತ್ತದೆ” ಎನ್ನುವವರು ಕೆಲವರು. “ಬಿಸಿನೀರಿನ ಸ್ನಾನದಿಂದಲೇ ಬಿ.ಪಿ. ಇಳಿಯುತ್ತದೆ, ಗುಳಿಗೆಯ ಹಂಗೇಕೆ” ಎನ್ನುವವರು ಮತ್ತೆ ಕೆಲವರು. ಮೊದಲನೆಯ ಮಾತು ಸರಿಯಲ್ಲ. ಎರಡನೆಯ ಮಾತಿನ ಅರ್ಧ ಮಾತ್ರ ನಿಜ, ಮತ್ತು ಆ ಅರ್ಧ ನಿಜದಲ್ಲಿಯೇ ಅಪಾಯ ಅಡಗಿದೆ.

ರಕ್ತವು ನಾಳದ ಗೋಡೆಯನ್ನು ಒತ್ತುವ ಬಲವೇ ರಕ್ತದೊತ್ತಡ. ೧೮೯೬ರಲ್ಲಿ ಇಟಲಿಯ ರಿವಾ ರೊಚ್ಚಿ ಎಂಬ ವೈದ್ಯರು ತೋಳಿಗೆ ಸುತ್ತುವ ಪಟ್ಟಿಯನ್ನು ರೂಪಿಸಿದರು. ೧೯೦೫ರಲ್ಲಿ ರಷ್ಯದ ಕೊರೊಟ್ಕಾಫ್ ಎಂಬವರು ಆ ಪಟ್ಟಿಯ ಕೆಳಗೆ ನಾಳದ ಸದ್ದನ್ನು ಆಲಿಸಿ ಮೇಲಿನ ಮತ್ತು ಕೆಳಗಿನ ಅಂಕಗಳೆರಡನ್ನೂ ಗುರುತಿಸುವ ಕ್ರಮವನ್ನು ತಿಳಿಸಿದರು. ಹೃದಯವು ಸಂಕುಚಿಸಿದಾಗಿನ ಒತ್ತಡ ಮೇಲಿನ ಅಂಕ, ಅದು ಸಡಿಲಿದಾಗಿನ ಒತ್ತಡ ಕೆಳಗಿನ ಅಂಕ. ಈ ಒತ್ತಡವು ದಿನವಿಡೀ ಒಂದೇ ಸಮನಾಗಿರುವುದಿಲ್ಲ. ಥಂಡಿ ತಾಗಿದರೆ ಚರ್ಮದ ಕಿರುನಾಳಗಳು ಬಿಗಿದುಕೊಂಡು ಒತ್ತಡ ಏರುತ್ತದೆ. ಬಿಸಿ ತಾಗಿದರೆ ದೇಹವು ತನ್ನ ಶಾಖವನ್ನು ಹೊರಹಾಕಲು ಅದೇ ನಾಳಗಳನ್ನು ಅಗಲಿಸುತ್ತದೆ. ರಕ್ತ ಚರ್ಮದ ಕಡೆಗೆ ಹರಿದು ಮೈ ಕೆಂಪಾಗುತ್ತದೆ. ಕಾಲುವೆ ಅಗಲವಾದರೆ ನೀರಿನ ರಭಸ ತಗ್ಗುವಂತೆ ಒತ್ತಡವು ಇಳಿಯುತ್ತದೆ. ಅದನ್ನು ಸರಿದೂಗಿಸಲು ಹೃದಯವು ಬೇಗ ಬೇಗ ಬಡಿಯತೊಡಗುತ್ತದೆ. ಬಿಸಿನೀರಿನಲ್ಲಿ ಎದೆ ಹೊಡೆದುಕೊಂಡಾಗ ಬಿ.ಪಿ. ಏರಿತೆಂದು ಜನ ಭಾವಿಸುವುದು ಇದರಿಂದಲೇ. ವಾಸ್ತವದಲ್ಲಿ ಆಗ ಒತ್ತಡ ಇಳಿದಿರುತ್ತದೆ.

ನಮ್ಮ ಸಮಾಜದ ಎಷ್ಟೋ ಮನೆಗಳ ಮಕ್ಕಳು ಇಂದು ಅಮೆರಿಕ, ಕೆನಡಾಗಳಲ್ಲಿ ನೆಲೆಸಿದ್ದಾರೆ. ಆ ದೇಶಗಳಲ್ಲಿ ಮನೆಯ ಹಿತ್ತಿಲಲ್ಲಿಯೋ ಹೋಟೆಲುಗಳಲ್ಲಿಯೋ ಬಿಸಿನೀರಿನ ದೊಡ್ಡ ತೊಟ್ಟಿಯಿದ್ದು, ಅದನ್ನು ಹಾಟ್ ಟಬ್ ಎನ್ನುತ್ತಾರೆ. ಕುತ್ತಿಗೆಯವರೆಗೆ ನೀರಿನಲ್ಲಿ ಮುಳುಗಿ ಕುಳಿತಿರುವುದು ಅಲ್ಲಿಯ ರೂಢಿ. ರಕ್ತದೊತ್ತಡವುಳ್ಳವರು ಇದರಲ್ಲಿ ಇಳಿಯಬಹುದೇ ಎಂಬ ಪ್ರಶ್ನೆಯನ್ನು ಕೆನಡಾದ ವೈದ್ಯರು ಪರೀಕ್ಷಿಸಿ ೨೦೦೩ರಲ್ಲಿ ತಮ್ಮ ದೇಶದ ವೈದ್ಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಔಷಧದಿಂದ ಒತ್ತಡವನ್ನು ಹತೋಟಿಯಲ್ಲಿಟ್ಟುಕೊಂಡಿದ್ದ ೨೧ ಜನರನ್ನೂ ಒತ್ತಡದ ತೊಂದರೆಯಿಲ್ಲದ ೨೩ ಜನರನ್ನೂ ೪೦ ಡಿಗ್ರಿ ಸೆಲ್ಸಿಯಸ್ ಶಾಖದ ನೀರಿನಲ್ಲಿ ೧೦ ನಿಮಿಷ ಕೂಡಿಸಿದರು. ರೋಗಿಗಳ ಮೇಲಿನ ಅಂಕ ಸರಾಸರಿ ೧೪೪ರಿಂದ ೧೨೨ಕ್ಕೆ ಇಳಿಯಿತು. ಉಳಿದವರದೂ ಹೆಚ್ಚು ಕಡಿಮೆ ಅಷ್ಟೇ ಇಳಿಯಿತು. ಹೊರಬಂದ ಮೇಲೆ ಒತ್ತಡ ಮತ್ತೆ ಮೊದಲಿನ ಮಟ್ಟದತ್ತ ಏರತೊಡಗಿತು. ಒತ್ತಡವು ಹತೋಟಿಯಲ್ಲಿರುವ ಬಹುಪಾಲು ಜನರಿಗೆ ಹತ್ತು ನಿಮಿಷ ಇಂತಹ ನೀರಿನಲ್ಲಿರುವುದರಿಂದ ಬಾಧೆಯಿಲ್ಲವೆಂದು ಆ ವೈದ್ಯರು ತೀರ್ಮಾನಿಸಿದರು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಇಳಿದ ಒತ್ತಡ ಇಳಿದೇ ಉಳಿಯುವುದಿಲ್ಲ. ಆದುದರಿಂದ ಬಿಸಿನೀರು ಗುಳಿಗೆಗೆ ಬದಲಿಯಾಗಲಾರದು. ಎರಡನೆಯದಾಗಿ, ಆ ಪರೀಕ್ಷೆ ನಡೆದದ್ದು ಅಳತೆಯ ಶಾಖದಲ್ಲಿ, ಅಳತೆಯ ಹೊತ್ತಿನವರೆಗೆ, ವೈದ್ಯರ ಕಣ್ಣೆದುರಿನಲ್ಲಿ. ನಮ್ಮ ಬಚ್ಚಲುಮನೆಯಲ್ಲಿ ಈ ಮೂರೂ ಇರುವುದಿಲ್ಲ. ಅದರ ಪರಿಣಾಮವೇನಾದೀತೆಂಬುದನ್ನು ನಾವು ನಮ್ಮ ಅಕ್ಕನವರಲ್ಲಿ ಕಂಡೆವು.

ಅಕ್ಕನವರು ಎಪ್ಪತ್ತು ದಾಟಿದವರು. ಬಾಲ್ಯದಲ್ಲಿ ಲಿಂಗದೀಕ್ಷೆ ಪಡೆದ ಮೇಲೆ ಒಂದು ದಿನವೂ ಪೂಜೆ ತಪ್ಪಿಸಿದವರಲ್ಲ. ಪೂಜೆಗೆ ಮುಂಚೆ ಹನಿ ನೀರನ್ನೂ ಬಾಯಿಗೆ ಹಾಕಿದವರಲ್ಲ. ಹತ್ತು ವರ್ಷಗಳಿಂದ ರಕ್ತದೊತ್ತಡಕ್ಕೆ ಎರಡು ಬಗೆಯ ಗುಳಿಗೆ ಸೇವಿಸುತ್ತಿದ್ದಾರೆ. ಪುಷ್ಯಮಾಸದ ಒಂದು ನಸುಕಿನಲ್ಲಿ ಎಂದಿನಂತೆ ಬಚ್ಚಲಿನ ಬಾಗಿಲಿಗೆ ಚಿಲಕ ಹಾಕಿಕೊಂಡು, ಮಣೆಯ ಮೇಲೆ ಕುಳಿತು, ತಂಬಿಗೆ ತಂಬಿಗೆ ಸುಡುನೀರು ಸುರಿದುಕೊಂಡು ಎದ್ದು ನಿಂತರು. ಸೊಸೆಗೆ ಕೇಳಿಸಿದ್ದು ತಂಬಿಗೆ ಉರುಳಿದ ಸದ್ದು. ಕರೆದರೆ ಉತ್ತರವಿಲ್ಲ. ಬಾಗಿಲನ್ನು ಒದ್ದು ತೆರೆಯುವಷ್ಟರಲ್ಲಿ ಅಕ್ಕನವರಿಗೆ ಎಚ್ಚರ ಮರಳಿತ್ತು. ಹಣೆ ಮಾತ್ರ ಕಲ್ಲಿಗೆ ಬಡಿದು ಒಡೆದಿತ್ತು. ರೋಣಕ್ಕೆ ಕರೆದೊಯ್ದೆವು. ವೈದ್ಯರು ಹೊಲಿಗೆ ಹಾಕಿ, ಕುಳಿತಾಗಲೂ ನಿಂತಾಗಲೂ ಒತ್ತಡವನ್ನು ಅಳೆದರು. ಕುಳಿತಾಗ ೧೩೮ ಇದ್ದ ಮೇಲಿನ ಅಂಕ ನಿಂತ ಸ್ವಲ್ಪ ಹೊತ್ತಿನಲ್ಲಿ ೧೧೦ಕ್ಕೆ ಇಳಿಯಿತು. ಇದು ಪಾರ್ಶ್ವವಾಯುವೂ ಅಲ್ಲ, ಹೃದಯದ ಆಘಾತವೂ ಅಲ್ಲ. ಎದ್ದು ನಿಂತಾಗ ಮಿದುಳಿಗೆ ರಕ್ತ ಸಾಲದೆ ಬಂದ ಮೂರ್ಛೆ ಎಂದು ಅವರು ತಿಳಿಸಿದರು.

ಅವರು ವಿವರಿಸಿದ ಕಾರಣಗಳನ್ನು ಇಲ್ಲಿ ಸಂಗ್ರಹಿಸುತ್ತೇವೆ. ರಾತ್ರಿಯಿಡೀ ನೀರು ಕುಡಿಯದೆ ಶರೀರದಲ್ಲಿ ದ್ರವ ಕಡಿಮೆಯಾಗಿರುತ್ತದೆ. ಅಕ್ಕನವರ ಗುಳಿಗೆಗಳಲ್ಲಿ ಒಂದು ಮೂತ್ರವನ್ನು ಹೆಚ್ಚಿಸಿ ದ್ರವವನ್ನು ಮತ್ತಷ್ಟು ತಗ್ಗಿಸುವಂಥದು. ಇನ್ನೊಂದು ಅಮ್ಲೋಡಿಪಿನ್, ನಾಳಗಳನ್ನು ಸಡಿಲಿಸುವಂಥದು. ಹಿಂದಿನ ದಿನ ನುಂಗಿದ ಅಮ್ಲೋಡಿಪಿನ್‌ನ ಪ್ರಭಾವ ಮರುದಿನದ ಬೆಳಗಿಗೂ ಇರುತ್ತದೆ. ಗುಳಿಗೆ ಸಡಿಲಿಸಿದ ನಾಳವನ್ನು ಸುಡುನೀರು ಇನ್ನಷ್ಟು ಸಡಿಲಿಸಿತು. ಮಣೆಯಿಂದ ಥಟ್ಟನೆ ಎದ್ದಾಗ ರಕ್ತ ಕಾಲುಗಳತ್ತ ಇಳಿಯಿತು. ತರುಣರಲ್ಲಿ ನಾಳಗಳು ಕೂಡಲೇ ಬಿಗಿದುಕೊಂಡು, ಹೃದಯ ವೇಗವಾಗಿ ಬಡಿದು ಈ ಕೊರತೆಯನ್ನು ತುಂಬುತ್ತವೆ. ವಯಸ್ಸಾದವರಲ್ಲಿ ಆ ಚುರುಕು ಇರುವುದಿಲ್ಲ. ಅಟೆನೋಲಾಲ್‌ನಂತಹ ಔಷಧ ಸೇವಿಸುವವರಲ್ಲಿ ಹೃದಯವು ಬೇಗ ಬಡಿಯುವುದಕ್ಕೂ ತಡೆಯಿರುತ್ತದೆ. ಗಂಡಸರು ವೃದ್ಧಾಪ್ಯದಲ್ಲಿ ಮೂತ್ರದ ತಡೆಗೆ ಸೇವಿಸುವ ಕೆಲವು ಗುಳಿಗೆಗಳೂ ಎದ್ದಾಗ ಒತ್ತಡವನ್ನು ಇಳಿಸುತ್ತವೆ.

ಇಷ್ಟಾದ ಮೇಲೆ ಮನೆಯಲ್ಲಿ ತಂಟೆ ಆರಂಭವಾಯಿತು. “ಇನ್ನ ಮುಂದ ದಿನಾ ಜಳಕ ಬ್ಯಾಡ, ವಾರಕ್ಕೊಮ್ಮೆ ಸಾಕು” ಎಂದು ಮಗ ಕಟ್ಟಪ್ಪಣೆ ಮಾಡಿದ. ಅಕ್ಕನವರು ಅದಕ್ಕೆ ಒಪ್ಪಲಿಲ್ಲ. “ಜಳಕಿಲ್ಲದ ಲಿಂಗಪ್ಪನ್ನ ಹ್ಯಾಂಗ ಮುಟ್ಟಲಿ ತಮ್ಮಾ? ಅದಕ್ಕಿಂತ ಬಚ್ಚಲದಾಗ ಬಿದ್ದು ಸತ್ರೂ ಚಲೋನ” ಎಂದು ನಮ್ಮೆದುರು ಕಣ್ಣೀರು ತಂದರು. ಗುಳಿಗೆಯಿಂದಲೇ ತಲೆ ತಿರುಗಿತೆಂದು ಭಾವಿಸಿ ಯಾರಿಗೂ ಹೇಳದೆ ಅದನ್ನೇ ನಿಲ್ಲಿಸಿಬಿಟ್ಟಿದ್ದರು. ವಾರದ ಬಳಿಕ ಆಶಾ ಕಾರ್ಯಕರ್ತೆ ಮನೆಗೆ ಬಂದು ಅಳೆದಾಗ ಮೇಲಿನ ಅಂಕ ೧೮೦ ದಾಟಿತ್ತು. ಬಚ್ಚಲಿನಲ್ಲಿ ಬಿದ್ದುದಕ್ಕಿಂತ ಇದು ಹೆಚ್ಚಿನ ಗಂಡಾಂತರ. ಏರಿದ ಒತ್ತಡವು ಸದ್ದಿಲ್ಲದೆ ಮಿದುಳು, ಹೃದಯ, ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಗುಳಿಗೆ ಹೆಚ್ಚಾಯಿತೆಂಬ ಶಂಕೆ ಬಂದರೆ ವೈದ್ಯರನ್ನು ಕೇಳಿ ಪ್ರಮಾಣವನ್ನೋ ವೇಳೆಯನ್ನೋ ಬದಲಿಸಿಕೊಳ್ಳಬೇಕೇ ಹೊರತು ತಾವಾಗಿ ಬಿಡಲಾಗದು.

ಮಗನ ಮಾತು ಶರೀರದ ಕಾಳಜಿಯಿಂದ ಬಂದುದು, ಅಕ್ಕನವರ ಮಾತು ನಿಷ್ಠೆಯಿಂದ ಬಂದುದು. ಎರಡಕ್ಕೂ ವಿರೋಧವಿದೆಯೆಂದು ಇಬ್ಬರೂ ಭಾವಿಸಿದ್ದರು. ವಿರೋಧವಿಲ್ಲವೆಂಬುದನ್ನು ಶಾಸ್ತ್ರಮುಖದಿಂದ ತೋರಿಸುವುದು ನಮ್ಮ ಪಾಲಿಗೆ ಬಂದಿತು. ಸ್ನಾನವೆಂದರೆ ನೀರಿನದೊಂದೇ ಎಂದು ನಮ್ಮ ಹಿರಿಯರು ಎಂದೂ ಹೇಳಿಲ್ಲ. ನೀರಿನ ಸ್ನಾನ ವಾರುಣ. ಭಸ್ಮದ ಸ್ನಾನ ಆಗ್ನೇಯ. ಮಂತ್ರದಿಂದ ಆಗುವುದು ಮಾಂತ್ರ. ಶಿವಧ್ಯಾನದಿಂದ ಮನಸ್ಸು ತೊಳೆಯುವುದು ಮಾನಸ. ಹೀಗೆ ಸ್ನಾನದ ಬಗೆಗಳನ್ನು ಹೇಳಿರುವುದು ಎಲ್ಲರ ಶರೀರಸ್ಥಿತಿಯೂ ಎಲ್ಲ ಕಾಲಕ್ಕೂ ಒಂದೇ ಆಗಿರುವುದಿಲ್ಲವೆಂಬ ಅರಿವಿನಿಂದ. ಭಸ್ಮಸ್ನಾನದ ಮಹತ್ತ್ವವನ್ನು ಸಿದ್ಧಾಂತ ಶಿಖಾಮಣಿಯೂ ನಿರೂಪಿಸುತ್ತದೆ. ಅಷ್ಟಾವರಣಗಳಲ್ಲಿ ವಿಭೂತಿಗೆ ಸ್ಥಾನವಿರುವುದು ಬರಿಯ ಅಲಂಕಾರಕ್ಕಾಗಿ ಅಲ್ಲ. ಹೊರಗಿನ ನೀರಿನಿಂದಲೇ ಶುದ್ಧಿಯಾಗುವುದೆಂಬ ಭ್ರಮೆಯನ್ನು ಹನ್ನೆರಡನೆಯ ಶತಮಾನದ ಶರಣರು ಕಟುವಾಗಿ ಖಂಡಿಸಿದುದು ಎಲ್ಲರೂ ಬಲ್ಲ ಸಂಗತಿ. ಇನ್ನು ನೀರು ಕುದಿಯುತ್ತಿರಬೇಕೆಂಬ ವಿಧಿಯಂತೂ ನಾವು ಓದಿದ ಯಾವ ಗ್ರಂಥದಲ್ಲಿಯೂ ಇಲ್ಲ. ಸ್ನಾನ ನಿಯಮ, ಶಾಖ ರೂಢಿ.

ನಾವು ಹೇಳಿದರೆ ತಮ್ಮನ ಮಾತೆಂದು ಅಕ್ಕನವರು ತೇಲಿಸಿಬಿಟ್ಟಾರೆಂದು ಅವರನ್ನು ದೀಕ್ಷೆ ಕೊಟ್ಟ ಮಠಕ್ಕೆ ಕರೆದುಕೊಂಡು ಹೋದೆವು. ಈಗಿನ ಸ್ವಾಮಿಗಳು ವಯಸ್ಸಿನಲ್ಲಿ ಅಕ್ಕನವರಿಗಿಂತ ಬಹಳ ಚಿಕ್ಕವರು. ಅವರು ಎಲ್ಲವನ್ನೂ ಕೇಳಿ, ನಸುಕಿನಲ್ಲಿ ಕೈಕಾಲು ಮುಖ ತೊಳೆದು, ಭಸ್ಮಸ್ನಾನ ಮಾಡಿ ಪೂಜೆ ಪೂರೈಸಿ, ಪ್ರಸಾದ ಸ್ವೀಕರಿಸಿ, ಹೊತ್ತು ಏರಿದ ಮೇಲೆ ಬೆಚ್ಚನೆಯ ನೀರಿನಲ್ಲಿ ಸ್ನಾನ ಮಾಡಬಹುದೆಂದು ಅಪ್ಪಣೆ ಕೊಡಿಸಿದರು. “ತಾಯಿ, ನಿಮ್ಮ ಅಂಗೈಯಾಗಿನ ಲಿಂಗಕ್ಕ ನೀವು ಬೇಕು” ಎಂದರು. ಅಕ್ಕನವರು ಸುಮ್ಮನಾದರು. ಗುಳಿಗೆಯ ಪ್ರಮಾಣವನ್ನು ವೈದ್ಯರು ಸ್ವಲ್ಪ ಬದಲಿಸಿದರು. ಎರಡು ವರ್ಷಗಳಾದವು, ಪೂಜೆಯೂ ತಪ್ಪಿಲ್ಲ, ಸ್ನಾನವೂ ತಪ್ಪಿಲ್ಲ, ಗುಳಿಗೆಯೂ ತಪ್ಪಿಲ್ಲ.

ಕೆಲವು ಹಿರಿಯರು ಇದನ್ನು ಕೇಳಿ, “ಹಂಗಾರ ತಣ್ಣೀರನ ಹಾಕ್ಕೊಂಡ್ರಾತು” ಎಂದದ್ದುಂಟು. ಅದೂ ಸರಿಯಲ್ಲ. ನಾವು ಮಠದಲ್ಲಿ ಓದುತ್ತಿದ್ದ ಕಾಲದಲ್ಲಿ ಬ್ರಾಹ್ಮೀ ಮುಹೂರ್ತಕ್ಕೆ ಎದ್ದು ತಣ್ಣೀರನ್ನೇ ಸುರಿದುಕೊಳ್ಳುತ್ತಿದ್ದೆವು. ಹದಿನೈದರ ಶರೀರ ಅದನ್ನು ತಾಳುತ್ತಿತ್ತು. ಅರುವತ್ತು ದಾಟಿದ ಶರೀರದ ಮೇಲೆ ಥಟ್ಟನೆ ತಣ್ಣೀರು ಬಿದ್ದರೆ ನಾಳಗಳು ಬಿಗಿದು ಒತ್ತಡ ಒಮ್ಮೆಗೇ ಏರುತ್ತದೆ. ಹೃದಯ ದುರ್ಬಲವಾಗಿದ್ದವರಿಗೆ ಅದು ಅಪಾಯಕರ. ಥಂಡಿಯಿಂದ ಬಿಸಿಗೆ, ಬಿಸಿಯಿಂದ ಥಂಡಿಗೆ ಥಟ್ಟನೆ ಹೋಗುವುದೇ ವೃದ್ಧರಿಗೆ ಒಗ್ಗದು.

ಈ ವಿಷಯದಲ್ಲಿ ಜಪಾನಿನವರಿಂದ ಕಲಿಯುವುದು ಬಹಳವಿದೆ. ಆಳವಾದ ತೊಟ್ಟಿಯ ಬಿಸಿನೀರಿನಲ್ಲಿ ಪ್ರತಿದಿನ ಕುಳಿತಿರುವುದು ಅವರ ಮನೆಮನೆಯ ಸಂಪ್ರದಾಯ. ಸುಮಾರು ೩೦,೦೦೦ ಜನರನ್ನು ಎರಡು ದಶಕಗಳ ಕಾಲ ಗಮನಿಸಿ ೨೦೨೦ರಲ್ಲಿ ಪ್ರಕಟವಾದ ಅಲ್ಲಿಯ ಅಧ್ಯಯನವೊಂದರಲ್ಲಿ, ನಿತ್ಯವೂ ಹೀಗೆ ಸ್ನಾನ ಮಾಡುವವರಲ್ಲಿ ಹೃದ್ರೋಗ ಪಾರ್ಶ್ವವಾಯುಗಳು ಕಡಿಮೆಯೆಂದು ಕಂಡುಬಂದಿತು. ಆರೋಗ್ಯವಂತರೇ ಹೆಚ್ಚಾಗಿ ನಿತ್ಯ ಸ್ನಾನ ಮಾಡುತ್ತಿದ್ದಿರಲೂಬಹುದಾದ್ದರಿಂದ ಇದನ್ನು ಚಿಕಿತ್ಸೆಯೆಂದು ಎಣಿಸಲಾಗದು. ಅದೇ ದೇಶದಲ್ಲಿ ಚಳಿಗಾಲದಲ್ಲಿ ಸ್ನಾನದ ತೊಟ್ಟಿಯಲ್ಲಿ ಮೂರ್ಛೆಹೋಗಿ ಮುಳುಗಿ ಮಡಿಯುವ ವೃದ್ಧರ ಸಂಖ್ಯೆ ರಸ್ತೆ ಅಪಘಾತದಲ್ಲಿ ಮಡಿಯುವ ವೃದ್ಧರಿಗಿಂತ ಹೆಚ್ಚು. ಆದುದರಿಂದ ಅಲ್ಲಿಯ ಸರ್ಕಾರ ಜನರಿಗೆ ತಿಳಿಹೇಳುತ್ತಿದೆ: ನೀರು ೪೧ ಡಿಗ್ರಿ ಮೀರದಿರಲಿ, ೧೦ ನಿಮಿಷ ಮೀರದಿರಲಿ, ಬಚ್ಚಲನ್ನು ಮೊದಲೇ ಬೆಚ್ಚಗಿರಿಸಿರಿ, ನೀರಿನಿಂದ ನಿಧಾನವಾಗಿ ಏಳಿರಿ, ಇಳಿಯುವ ಮುನ್ನ ಮನೆಯವರಿಗೆ ಹೇಳಿರಿ ಎಂದು. ಅಮೆರಿಕದಲ್ಲಿಯೂ ಹಾಟ್ ಟಬ್ಬಿನ ನೀರು ೪೦ ಡಿಗ್ರಿ ಮೀರಬಾರದೆಂಬ ಎಚ್ಚರಿಕೆಯುಂಟು. ಮಕ್ಕಳ ಮನೆಗೆಂದು ಆ ದೇಶಗಳಿಗೆ ಹೋಗುವ ತಂದೆತಾಯಿಗಳು ಇದನ್ನು ನೆನಪಿನಲ್ಲಿಡಬೇಕು. ತೊಟ್ಟಿಯೊಳಗಿರುವಾಗ ಸುತ್ತಲಿನ ನೀರೇ ಕಾಲುಗಳನ್ನು ಒತ್ತಿ ರಕ್ತವನ್ನು ಮೇಲಕ್ಕೆ ನೂಕುತ್ತಿರುತ್ತದೆ. ಮೇಲೆದ್ದ ಕೂಡಲೇ ಆ ಆಸರೆ ತಪ್ಪುತ್ತದೆ. ಸುಖವಾಗಿ ಕುಳಿತಿದ್ದವರು ಮೆಟ್ಟಿಲೇರುವಾಗ ಬೀಳುವುದು ಇದರಿಂದಲೇ. ಮದ್ಯ ಸೇವಿಸಿ ಅದರಲ್ಲಿ ಇಳಿಯುವುದಂತೂ ಪ್ರಾಣಕ್ಕೇ ಸಂಚಕಾರ. ಒತ್ತಡವು ಹತೋಟಿಗೆ ಬಾರದವರು, ಇತ್ತೀಚೆಗೆ ಹೃದಯಾಘಾತವಾದವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಇಳಿಯಲೇಬಾರದು.

ಬಾಣಂತಿಯರ ವಿಷಯವನ್ನೂ ಇಲ್ಲಿ ಹೇಳದಿರಲಾರೆವು. ಹೆಚ್ಚು ನೀರು ಎರೆದಷ್ಟೂ, ಹೆಚ್ಚು ಸುಟ್ಟಷ್ಟೂ ಬಾಣಂತಿಯ ಮೈ ಗಟ್ಟಿಯಾಗುವುದೆಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ಹೆರಿಗೆಯಲ್ಲಿ ರಕ್ತ ಕಳೆದುಕೊಂಡ ಹೆಣ್ಣುಮಗಳಿಗೆ ಸುಡುನೀರು ಎರೆದು, ಎದ್ದು ನಡೆ ಎಂದರೆ ಕಣ್ಣು ಕತ್ತಲೆಗೂಡುವುದು ಸಹಜ. ಅದನ್ನು ದೃಷ್ಟಿ ತಾಗಿತೆಂದು ನಿವಾಳಿಸಿ ಸುಮ್ಮನಾಗುತ್ತಾರೆ. ಹೆರಿಗೆಯ ನಂತರದ ವಾರಗಳಲ್ಲಿ ಕೆಲವರ ರಕ್ತದೊತ್ತಡ ಏರುವುದೂ ಉಂಟು. ತೀವ್ರ ತಲೆನೋವು, ಕಣ್ಣು ಮಂಜಾಗುವುದು ಅದರ ಕುರುಹುಗಳು. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಎರೆಯುವ ನೀರು ಬೆಚ್ಚಗಿರಲಿ. ಬಾಗಿಲು ಕಿಟಕಿ ಮುಚ್ಚಿ ಕೆಂಡದ ಹೊಗೆ ಕೂಡಿಸುವುದು ತಾಯಿಗೂ ಕೂಸಿಗೂ ವಿಷವೇ ಸರಿ. ಗಾಳಿಯಾಡದ ಬಚ್ಚಲಿನಲ್ಲಿ ಗ್ಯಾಸ್ ಗೀಸರು ಇಟ್ಟುಕೊಂಡವರಿಗೂ ಇದೇ ಮಾತು ಸಲ್ಲುತ್ತದೆ.

ಮನೆಗಳಲ್ಲಿ ಮಾಡಬಹುದಾದುದು ಬಹಳ ಸುಲಭ. ಮೊಣಕೈಯಿಂದ ನೀರಿನ ಹದ ನೋಡಿರಿ. ಸಕ್ಕರೆ ಕಾಯಿಲೆಯಿಂದ ಪಾದಗಳು ಜೋಮು ಹಿಡಿದವರಿಗೆ ಬಿಸಿ ತಿಳಿಯದೆ ಕಾಲು ಸುಡುವುದುಂಟು, ಅವರ ನೀರನ್ನು ಇನ್ನೊಬ್ಬರು ನೋಡಿಕೊಡಲಿ. ತಲೆಯ ಮೇಲೆ ಮೊದಲೇ ಸುರಿಯದೆ ಕಾಲಿನಿಂದ ಆರಂಭಿಸಿರಿ. ಮಣೆಯ ಬದಲು ಎತ್ತರದ ಕುರ್ಚಿ ಇರಿಸಿರಿ. ಗೋಡೆಗೆ ಹಿಡಿಯಲು ಒಂದು ಕಬ್ಬಿಣದ ಸರಳು ಹಾಕಿಸಿರಿ. ಸ್ನಾನ ಮುಗಿದ ಮೇಲೆ ಕುಳಿತಲ್ಲಿಯೇ ಮೈ ಒರೆಸಿಕೊಂಡು, ಎರಡು ನಿಮಿಷ ತಡೆದು ಏಳಿರಿ. ಕಣ್ಣು ಕತ್ತಲೆ ಬಂದರೆ ನಿಲ್ಲಲು ಹಟ ಮಾಡದೆ ಕೂಡಲೇ ಕುಳಿತುಬಿಡಿರಿ. ಹೊಟ್ಟೆ ತುಂಬ ಉಂಡ ಕೂಡಲೇ ಸ್ನಾನ ಬೇಡ. ಆಗಲೂ ವೃದ್ಧರಲ್ಲಿ ಒತ್ತಡ ಇಳಿಯುತ್ತದೆ. ವೃದ್ಧರು ಒಳಗಿರುವಾಗ ಚಿಲಕ ಬೇಡ, ಪರದೆ ಸಾಕು. ಮೂವತ್ತು ದಾಟಿದವರೆಲ್ಲರೂ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಖರ್ಚಿಲ್ಲದೆ ಒತ್ತಡವನ್ನು ಅಳೆಯಿಸಿಕೊಳ್ಳಬಹುದು. ಗುಳಿಗೆ ಸೇವಿಸುವ ಹಿರಿಯರು ನಿಂತಾಗಿನ ಒತ್ತಡವನ್ನೂ ಅಳೆಯಲು ಕೇಳಿಕೊಳ್ಳಲಿ.

ಸದ್ಭಕ್ತ ಬಂಧುಗಳೇ, ನಿಷ್ಠೆಯೆಂದರೆ ಶರೀರವನ್ನು ದಂಡಿಸುವುದಲ್ಲ. ಲಿಂಗವನ್ನು ಹಿಡಿಯುವ ಅಂಗೈ ನಡುಗದಂತೆ, ದೃಷ್ಟಿಯಿಡುವ ಕಣ್ಣು ಕತ್ತಲಿಸದಂತೆ ಕಾಯ್ದುಕೊಳ್ಳುವುದೂ ಪೂಜೆಯ ಅಂಗವೇ. ಮನೆಯ ಹಿರಿಯರಿಗೆ “ಜಳಕ ಬಿಡು” ಎಂದು ಗದರುವ ಮಕ್ಕಳು, ಅವರ ನಿಯಮವನ್ನು ಉಳಿಸಿ ನೀರಿನ ಹದವನ್ನು ಮಾತ್ರ ಬದಲಿಸುವ ಜಾಣ್ಮೆ ತೋರಲಿ. ಹಿರಿಯರೂ ತಮ್ಮ ನಿಯಮ ಯಾವುದು, ರೂಢಿ ಯಾವುದು ಎಂಬುದನ್ನು ಗುರುಮುಖದಿಂದ ಕೇಳಿ ತಿಳಿಯಲಿ. ಈ ಬಾರಿ ನೀರು ತುಂಬುವ ಹಬ್ಬಕ್ಕೆ ಹಂಡೆ ಬೆಳಗುವಾಗ ಬಚ್ಚಲಿನ ಬಾಗಿಲ ಒಳಚಿಲಕವನ್ನೂ ಒಮ್ಮೆ ನೋಡಿ, ವೃದ್ಧರಿರುವ ಮನೆಯಾದರೆ ಅದನ್ನು ತೆಗೆಸಿಬಿಡಿರಿ.